ಸೂಟ್‌ಕೇಸ್ ಕಟ್ಟುವ ಮೊದಲು ಓದು

ಸ್ಯಾನ್ ಡಿಯಾಗೊ

ಪ್ರೀತಿಯ ಅಮ್ಮ, ಅಪ್ಪಾಜಿಗೆ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ನೀವಿಬ್ಬರೂ ಅಮೆರಿಕಕ್ಕೆ ನಮ್ಮ ಮನೆಗೆ ಬರುವಾಗ ಏನು ತರಬೇಕು, ಅಲ್ಲಿ ಏನು ಸಿಗುತ್ತೆ, ಏನು ಸಿಗಲ್ಲ ಅಂತ ಫೋನಿನಲ್ಲಿ ಕೇಳಿದ್ದೆಯಲ್ಲ, ಅದನ್ನೇ ನಿಧಾನವಾಗಿ ಬರೆಯುತ್ತಿದ್ದೇನೆ.

ಅಕ್ಕಿ, ಕಡಲೆಕಾಳು ಬೇಡವೇ ಬೇಡ ಅಮ್ಮ. ಖಾಪ್ರಾ ಅನ್ನೋ ಹುಳುವಿನ ಭಯಕ್ಕೆ ನಮ್ಮ ಕಡೆಯಿಂದ ಬರುವವರ ಚೀಲದಲ್ಲಿ ಇವೆರಡನ್ನೂ ವಿಮಾನ ನಿಲ್ದಾಣದಲ್ಲೇ ತೆಗೆದುಬಿಡುತ್ತಾರೆ. ಹಸಿ ಹಣ್ಣನ್ನೂ ಬಿಡಲ್ಲ. ಇಲ್ಲಿ ಬ್ಲ್ಯಾಕ್ ಮೌಂಟನ್ ರಸ್ತೆಯಲ್ಲಿ ನಮ್ಮವರ ದಿನಸಿ ಅಂಗಡಿ, ಹೋಟೆಲುಗಳು ಒಂದೇ ಕಡೆ ಇವೆ, ಲಿಟಲ್ ಇಂಡಿಯಾ ಅನ್ನುತ್ತಾರೆ. ಜೋಳದ ಹಿಟ್ಟು, ತೊಗರಿಬೇಳೆ, ರವೆ, ಹುಣಸೆಹಣ್ಣು ಎಲ್ಲ ಸಿಗುತ್ತೆ. ಮಂಡಕ್ಕಿಯೂ ಇದೆ, ಆದರೆ ನಮ್ಮೂರ ಭಟ್ಟಿಯ ಮಂಡಕ್ಕಿ ತಿಂದ ಬಾಯಿಗೆ ಅದು ಸಪ್ಪೆ.

ತರಕಾರಿಗೆ ಮಾತ್ರ ನಾನು ಮೆಕ್ಸಿಕೊದವರ ಅಂಗಡಿಗೇ ಹೋಗೋದು. ಕೊತ್ತಂಬರಿ, ಹಸಿಮೆಣಸಿನಕಾಯಿ, ಪಪ್ಪಾಯಿ, ಪೇರಲಹಣ್ಣು ತಾಜಾ ಇರುತ್ತೆ, ಅಗ್ಗವೂ ಹೌದು. ಒಣಮೆಣಸಿನಕಾಯಿಯಲ್ಲೇ ಎಷ್ಟು ಬಗೆ ಅಂತೀಯ! ನೀನು ಆ ಸಾಲಿನ ಮುಂದೆ ನಿಂತರೆ ಅರ್ಧ ದಿನ ಅಲ್ಲಾಡಲ್ಲ. ವಸಂತ ಕಾಲದಲ್ಲಿ ಅಟೌಲ್ಫೊ ಅನ್ನೋ ಹಳದಿ ಮಾವು ಬರುತ್ತೆ, ಸಣ್ಣದು, ನಾರಿಲ್ಲ, ಬಲು ಸಿಹಿ.

ಬಟ್ಟೆ, ಚಪ್ಪಲಿ, ಬ್ಯಾಗು ಕೊಳ್ಳೋದಕ್ಕೆ ಸ್ಯಾನ್ ಇಸಿಡ್ರೊಗೆ ಹೋಗೋಣ. ಊರ ನಡುವಿನಿಂದ ಟ್ರಾಲಿ ಅನ್ನೋ ಕೆಂಪು ರೈಲು ನೇರ ಅಲ್ಲಿಗೇ ಹೋಗುತ್ತೆ. 1981ರಲ್ಲಿ ಶುರುವಾದ ಇಲ್ಲಿನ ಮೊದಲ ಮಾರ್ಗವೇ ಅದು. ಲಾಸ್ ಅಮೆರಿಕಾಸ್ ಅಂತ ದೊಡ್ಡ ಬಯಲು ಮಾಲ್, ದೊಡ್ಡ ಕಂಪನಿಗಳ ಸಾಮಾನು ರಿಯಾಯಿತಿಯಲ್ಲಿ ಸಿಗುತ್ತೆ. ಪಕ್ಕದಲ್ಲೇ ಗಡಿಯ ಬೇಲಿ, ಆಚೆ ಗುಡ್ಡದ ಮೇಲೆ ಮೆಕ್ಸಿಕೊದ ಟಿಜುವಾನಾ ಊರಿನ ಮನೆಗಳು ಕಾಣುತ್ತವೆ. ಅಲ್ಲಿಂದ ಎಷ್ಟೋ ಜನ ಗಡಿ ದಾಟಿ ಬಂದು ಕೊಂಡುಕೊಂಡು ಸಂಜೆಗೆ ವಾಪಸ್ ಹೋಗುತ್ತಾರೆ. ಅಂಗಡಿಯಲ್ಲಿ ಇಂಗ್ಲಿಷಿಗಿಂತ ಸ್ಪ್ಯಾನಿಷ್ಷೇ ಹೆಚ್ಚು ಕೇಳಿಸುತ್ತೆ.

ಅಪ್ಪಾಜಿಗೆ ಇದೊಂದು ಮಾತು ಒತ್ತಿ ಹೇಳು. ಟ್ರಾಲಿಯ ಕೊನೆ ನಿಲ್ದಾಣದಿಂದ ಗಡಿಗೆ ನಾಲ್ಕು ಹೆಜ್ಜೆ. ಸುಮ್ಮನೆ ನೋಡಿ ಬರೋಣ ಅಂತ ನಡೆದುಬಿಟ್ಟರೆ ಮೆಕ್ಸಿಕೊ ಒಳಗೇ ಹೋಗಿರುತ್ತಾರೆ. ವಾಪಸ್ ಬರೋಕೆ ಪಾಸ್‌ಪೋರ್ಟ್, ವೀಸಾ ಬೇಕು, ಕ್ಯೂ ಒಮ್ಮೊಮ್ಮೆ ಗಂಟೆಗಟ್ಟಲೆ ಇರುತ್ತೆ. ಕಾರಲ್ಲಿ ಹೋದರೂ ಅಷ್ಟೇ, ಇದೇ ಅಮೆರಿಕದ ಕೊನೆಯ ತಿರುವು ಅಂತ ಹೆದ್ದಾರಿಯಲ್ಲಿ ಬೋರ್ಡು ಹಾಕಿದ್ದಾರೆ, ಅಲ್ಲೇ ಹೆದ್ದಾರಿ ಬಿಟ್ಟು ತಿರುಗಬೇಕು. ನಾನು ಜೊತೆಗಿಲ್ಲದೆ ಆ ಕಡೆ ಹೋಗೋದು ಬೇಡ.

ಇನ್ನೊಂದು, ಚೀಟಿಯ ಮೇಲಿನ ಬೆಲೆಗೆ ತೆರಿಗೆ ಸೇರಿರಲ್ಲ. ಊರೊಳಗೆ ಶೇಕಡಾ 7.75. ನೂರು ಡಾಲರಿನ ಬೂಟಿಗೆ ಬಿಲ್ಲು 107.75 ಆಗುತ್ತೆ. ಅಕ್ಕಿ, ತರಕಾರಿಗೆ ತೆರಿಗೆ ಇಲ್ಲ.

ಫ್ಯಾಷನ್ ವ್ಯಾಲಿ ಅಂತ ಇನ್ನೊಂದು ದೊಡ್ಡ ಮಾಲ್ ಇದೆ, ನೋಡೋಕೆ ಚಂದ, ನಮ್ಮ ಕೈಗೆ ದುಬಾರಿ. ಅದರ ಬದಲು ಬಂದರಿನ ಪಕ್ಕದ ಸೀಪೋರ್ಟ್ ವಿಲೇಜಿನಲ್ಲಿ ಸಂಜೆ ಅಡ್ಡಾಡಿದರೆ ನಿಮ್ಮಿಬ್ಬರಿಗೂ ಹಿತವಾಗುತ್ತೆ. ಸಮುದ್ರದ ಗಾಳಿ ತಣ್ಣಗಿರುತ್ತೆ, ಸ್ವೆಟರ್ ಇಟ್ಟುಕೋ.

ನೀನು ತರಬೇಕಾದ್ದು ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಅಪ್ಪಾಜಿಯ ಮಾತ್ರೆ, ಅದರ ಜೊತೆ ಡಾಕ್ಟರ ಚೀಟಿ. ಬೂಟು, ಚಪ್ಪಲಿ ಕೊಳ್ಳೋಕೆ ಅಳತೆ ಬೇಕು, ಅಣ್ಣನ ಮಕ್ಕಳ ಪಾದವನ್ನು ಕಾಗದದ ಮೇಲಿಟ್ಟು ಗೆರೆ ಎಳೆದು ತಗೊಂಡು ಬಾ. ಅತ್ತಿಗೆಯದ್ದೂ ಮರೆಯಬೇಡ.

ನಿನ್ನ ಮಗಳು,
ಶೋಭಾ