ಬಿ ಫಾರಂ ಕೈಗೆ ಬರುವ ಹೊತ್ತಿಗೆ ಬದಲಾಗುವ ನಿಲುವುಗಳು

ಮಾನ್ಯ ಸಂಪಾದಕರೇ,

ಚುನಾವಣೆ ಹತ್ತಿರವಾಗುತ್ತಿದ್ದಂತೆ ನಮ್ಮ ಜನಪ್ರತಿನಿಧಿಗಳು ತಮ್ಮದೇ ಹಳೆಯ ಮಾತಿಗೆ ವಿರುದ್ಧವಾಗಿ ಮಾತನಾಡುವುದು, ಕಾರಣ ಕೇಳಿದರೆ ‘ಪಕ್ಷದ ತೀರ್ಮಾನಕ್ಕೆ ನಾನು ಬದ್ಧ’ ಎಂದು ಮುಗಿಸಿಬಿಡುವುದು ಈಗ ಯಾರನ್ನೂ ಬೆರಗುಗೊಳಿಸುವುದಿಲ್ಲ. ಪಕ್ಷಾಂತರದ ಬಗ್ಗೆ ಪತ್ರಿಕೆಗಳಲ್ಲಿ ಬೇಕಾದಷ್ಟು ಚರ್ಚೆ ನಡೆದಿದೆ. ಪಕ್ಷದಲ್ಲೇ ಇದ್ದುಕೊಂಡು ಮಾತನ್ನು ಮಾತ್ರ ಬದಲಿಸುವವರ ಬಗ್ಗೆ ನಡೆದ ಚರ್ಚೆ ಕಡಿಮೆ. ಇದರಿಂದ ಮತದಾರರಿಗೆ ಆಗುವ ಅನ್ಯಾಯ ಪಕ್ಷಾಂತರದಿಂದ ಆಗುವುದಕ್ಕಿಂತ ಸಣ್ಣದಲ್ಲ ಎಂದು ನಂಬಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

2022ರ ಜುಲೈನಲ್ಲಿ ಬುಂದೇಲ್‌ಖಂಡ್ ಎಕ್ಸ್‌ಪ್ರೆಸ್‌ವೇ ಉದ್ಘಾಟಿಸಿದ ಪ್ರಧಾನಿ ನರೇಂದ್ರ ಮೋದಿಯವರು, ಉಚಿತ ಕೊಡುಗೆ ಹಂಚಿ ಮತ ಕೇಳುವ ಪದ್ಧತಿ ದೇಶದ ಅಭಿವೃದ್ಧಿಗೆ ಅಪಾಯಕಾರಿ ಎಂದರು. ಕಾಂಗ್ರೆಸ್ ಪಕ್ಷ ಗ್ಯಾರಂಟಿಗಳನ್ನು ಘೋಷಿಸಿದಾಗ ರಾಜ್ಯದ ಬಿಜೆಪಿ ಮುಖಂಡರು ಅದೇ ಧಾಟಿಯಲ್ಲಿ ಟೀಕಿಸಿದರು. ಆದರೆ 2023ರ ಮೇ 1ರಂದು ಬೆಂಗಳೂರಿನಲ್ಲಿ ಬಿಡುಗಡೆಯಾದ ಅದೇ ಪಕ್ಷದ ಪ್ರಣಾಳಿಕೆಯಲ್ಲಿ ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ ಮೂರು ಉಚಿತ ಅಡುಗೆ ಅನಿಲ ಸಿಲಿಂಡರ್, ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು ಕೊಡುವ ಭರವಸೆಯಿತ್ತು. ಬಡವರಿಗೆ ಹಾಲು ಕೊಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಅಗತ್ಯದ ನೆರವು ಯಾವುದು, ಓಲೈಕೆ ಯಾವುದು ಎಂಬ ಗೆರೆಯನ್ನು ಪಕ್ಷ ಎಲ್ಲಿ ಎಳೆಯುತ್ತದೆ ಎಂಬುದನ್ನು ಅಭ್ಯರ್ಥಿಗಳು ತಮ್ಮ ಹಿಂದಿನ ಟೀಕೆಯನ್ನು ಮುಂದಿಟ್ಟುಕೊಂಡೇ ಜನರಿಗೆ ವಿವರಿಸಬೇಕಿತ್ತು. ಹಾಗೆ ವಿವರಿಸಿದವರು ನನಗೆ ಕಂಡಂತೆ ಬಹಳ ವಿರಳ.

ಕಾಂಗ್ರೆಸ್ ಪಕ್ಷದ ಕಡೆಗೂ ನೋಡೋಣ. ಮಹಾರಾಷ್ಟ್ರ ವಿಧಾನಸಭಾ ಚುನಾವಣೆಯ ಪ್ರಚಾರ ಕಾವೇರುತ್ತಿದ್ದ 2024ರ ಅಕ್ಟೋಬರ್ ಕೊನೆಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರು, ಬಸ್ಸಿನಲ್ಲಿ ಟಿಕೆಟ್ ಹಣ ಕೊಡಲು ಕೆಲವು ಮಹಿಳೆಯರು ಸಿದ್ಧರಿದ್ದಾರೆ, ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆಯ ಬಗ್ಗೆ ಚರ್ಚಿಸೋಣ ಎಂಬ ಅರ್ಥದ ಮಾತನಾಡಿದರು. ಮರುದಿನವೇ ಪಕ್ಷದ ರಾಷ್ಟ್ರೀಯ ಅಧ್ಯಕ್ಷ ಮಲ್ಲಿಕಾರ್ಜುನ ಖರ್ಗೆಯವರು ಸುದ್ದಿಗಾರರ ಎದುರೇ ಅದಕ್ಕೆ ಆಕ್ಷೇಪಿಸಿದರು. ಯೋಜನೆಯ ಮರುಪರಿಶೀಲನೆ ಇಲ್ಲವೆಂಬ ಸ್ಪಷ್ಟೀಕರಣ ಕೂಡಲೇ ಬಂತು. ಸಾರಿಗೆ ನಿಗಮಗಳ ಮೇಲೆ ಬೀಳುವ ಹೊರೆ ಎಷ್ಟು, ಅದನ್ನು ಯಾರು ಹೇಗೆ ಹೊರಬೇಕು ಎಂಬುದು ಸಾರ್ವಜನಿಕವಾಗಿ ಚರ್ಚೆಯಾಗಲೇಬೇಕಾದ ವಿಷಯ. ಪಕ್ಕದ ರಾಜ್ಯದಲ್ಲಿ ಚುನಾವಣೆ ಇದ್ದುದರಿಂದ ಆ ಚರ್ಚೆ ಶುರುವಾಗುವ ಮೊದಲೇ ನಿಂತುಹೋಯಿತು.

2023ರ ಮೇ ತಿಂಗಳಲ್ಲಿ ಬಿಜೆಪಿಯನ್ನೂ ಎದುರಿಸಿ ಮತ ಕೇಳಿದ್ದ ಜೆಡಿಎಸ್, ಲೋಕಸಭಾ ಚುನಾವಣೆಯನ್ನು ಮುಂದಿಟ್ಟುಕೊಂಡು ಅದೇ ಸೆಪ್ಟೆಂಬರ್‌ನಲ್ಲಿ ಬಿಜೆಪಿ ನೇತೃತ್ವದ ಎನ್‌ಡಿಎ ಸೇರಿತು. ಒಪ್ಪದೆ ಮಾತನಾಡಿದ ರಾಜ್ಯ ಘಟಕದ ಅಧ್ಯಕ್ಷ ಸಿ.ಎಂ. ಇಬ್ರಾಹಿಂ ಅವರು ಅಕ್ಟೋಬರ್‌ನಲ್ಲಿ ಸ್ಥಾನ ಕಳೆದುಕೊಂಡರು. ರಾಜ್ಯಾಧ್ಯಕ್ಷರಿಗೇ ಹೀಗಾದರೆ ಸಾಮಾನ್ಯ ಶಾಸಕನೊಬ್ಬ ಅದರಿಂದ ಏನು ಕಲಿಯುತ್ತಾನೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಕ್ಷನಿಷ್ಠೆ ಎಂದರೆ ಯಾವುದಕ್ಕೆ ನಿಷ್ಠೆ ಎಂಬ ಪ್ರಶ್ನೆಯನ್ನು ಕಾವೇರಿಗೆ ಅಣೆಕಟ್ಟು ಕಟ್ಟುವ ಮೇಕೆದಾಟು ಯೋಜನೆಯ ವಿವಾದದಷ್ಟು ನೇರವಾಗಿ ಎತ್ತುವ ವಿಷಯ ನಮ್ಮಲ್ಲಿ ಇನ್ನೊಂದಿಲ್ಲ. 2022ರ ಜನವರಿ 9ರಂದು ಯೋಜನೆಗಾಗಿ ಒತ್ತಾಯಿಸಿ ಕಾಂಗ್ರೆಸ್ ಪಾದಯಾತ್ರೆ ಸಂಗಮದಿಂದ ಹೊರಟಿತು. ಆಗ ಅಧಿಕಾರದಲ್ಲಿದ್ದ ಬಿಜೆಪಿ ಸರ್ಕಾರವೂ ಯೋಜನೆಯ ಪರವಾಗಿಯೇ ಇತ್ತು. ಅದೇ ಮಾರ್ಚ್ 21ರಂದು ತಮಿಳುನಾಡು ವಿಧಾನಸಭೆ ಯೋಜನೆಯ ವಿರುದ್ಧ ಸರ್ವಾನುಮತದ ನಿರ್ಣಯ ಕೈಗೊಂಡಿತು; ಅಲ್ಲಿನ ಕಾಂಗ್ರೆಸ್ ಮತ್ತು ಬಿಜೆಪಿ ಸದಸ್ಯರೂ ಅದನ್ನು ಬೆಂಬಲಿಸಿದರು. ಮಾರ್ಚ್ 24ರಂದು ಕರ್ನಾಟಕದ ವಿಧಾನಮಂಡಲ ಅದಕ್ಕೆ ಪ್ರತಿಯಾಗಿ ಯೋಜನೆಯ ಪರ ನಿರ್ಣಯ ಅಂಗೀಕರಿಸಿತು. ಇಲ್ಲಿಯೂ ಸರ್ವಾನುಮತ, ಇಲ್ಲಿಯೂ ಅವೇ ಎರಡು ಪಕ್ಷಗಳು. ತಮ್ಮ ರಾಜ್ಯದ ನೀರಿನ ಹಿತ ಕಾಯುವುದು ಶಾಸಕರ ಕರ್ತವ್ಯವೇ ಆದ್ದರಿಂದ ಆ ಸದಸ್ಯರನ್ನು ನಾನು ದೂಷಿಸಲಾರೆ. ನನ್ನ ತಕರಾರು ಇರುವುದು, ಎರಡೂ ರಾಜ್ಯಗಳಿಗೆ ಪ್ರಚಾರಕ್ಕೆ ಬರುವ ರಾಷ್ಟ್ರೀಯ ನಾಯಕರ ಪಕ್ಕದಲ್ಲಿ ವೇದಿಕೆಯ ಮೇಲೆ ಕುಳಿತಾಗ ‘ಈ ವಿಷಯದಲ್ಲಿ ಪಕ್ಷದ ನಿಲುವೇನು, ದಯವಿಟ್ಟು ಇಲ್ಲೇ ಹೇಳಿ’ ಎಂದು ಕೇಳುವವರು ಇಲ್ಲದಿರುವುದರ ಬಗ್ಗೆ. ಇಷ್ಟು ದೊಡ್ಡ ಪ್ರಶ್ನೆಯಲ್ಲಿ ಪಕ್ಷಕ್ಕೇ ಒಂದು ನಿಲುವಿಲ್ಲದಿರುವಾಗ ‘ಪಕ್ಷದ ನಿಲುವೇ ನನ್ನ ನಿಲುವು’ ಎನ್ನುವ ಅಭ್ಯರ್ಥಿ ನಿಷ್ಠನಾಗಿರುವುದು ವರಿಷ್ಠರ ಆ ಹೊತ್ತಿನ ಅನುಕೂಲಕ್ಕೆ ಮಾತ್ರ.

ಇದಕ್ಕೆಲ್ಲ ಪಕ್ಷಾಂತರ ನಿಷೇಧ ಕಾನೂನೇ ಕಾರಣ ಎಂದು ಕೆಲವರು ಸಮರ್ಥಿಸಿಕೊಳ್ಳುತ್ತಾರೆ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯ ಪ್ರಕಾರ ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶವಾದ ವಿಪ್ ಮೀರಿ ಮತ ಹಾಕಿದ ಅಥವಾ ಮತದಾನದಿಂದ ದೂರ ಉಳಿದ ಸದಸ್ಯನನ್ನು ಪಕ್ಷ ಹದಿನೈದು ದಿನಗಳೊಳಗೆ ಮನ್ನಿಸದಿದ್ದರೆ ಅವನು ಅನರ್ಹನಾಗಬಹುದು ಎಂಬುದು ನಿಜ. ಆದರೆ ವಿಪ್ ಅನ್ವಯವಾಗುವುದು ಸದನದ ಮತದಾನಕ್ಕೆ. ಕ್ಷೇತ್ರದ ಸಭೆಯಲ್ಲಿ, ಪತ್ರಿಕಾಗೋಷ್ಠಿಯಲ್ಲಿ ತನ್ನ ಹಿಂದಿನ ಮಾತನ್ನೇ ಅಲ್ಲಗಳೆಯಬೇಕೆಂದು ಯಾವ ವಿಪ್ ಕೂಡ ಹೇಳುವುದಿಲ್ಲ. ಅಲ್ಲಿ ಕೆಲಸ ಮಾಡುವುದು, ಇವರೇ ನಮ್ಮ ಅಧಿಕೃತ ಅಭ್ಯರ್ಥಿ ಎಂದು ಪಕ್ಷ ಬರೆದುಕೊಡುವ ಬಿ ಫಾರಂ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮಧ್ಯಾಹ್ನ ಮೂರು ಗಂಟೆಯೊಳಗೆ ಅದು ಚುನಾವಣಾಧಿಕಾರಿಯ ಕೈಸೇರಬೇಕು. ಅಷ್ಟರೊಳಗೆ ಪಕ್ಷ ಅದನ್ನು ರದ್ದುಪಡಿಸಿ ಇನ್ನೊಬ್ಬರಿಗೆ ಕೊಡಲೂ ನಿಯಮದಲ್ಲಿ ಅವಕಾಶವಿದೆ. ಐದು ವರ್ಷ ಕ್ಷೇತ್ರದಲ್ಲಿ ದುಡಿದವನ ಭವಿಷ್ಯ ಒಂದು ಸಹಿಯ ಮೇಲೆ ನಿಂತಿರುವಾಗ ಅವನ ನಾಲಿಗೆ ಯಾರ ಕಡೆಗೆ ಹೊರಳುತ್ತದೆ ಎಂಬುದನ್ನು ಟಿಕೆಟ್ ಹಂಚಿಕೆಯ ವಾರಗಳಲ್ಲಿ ನಾವು ಕಾಣುತ್ತೇವೆ. ನೀರಾವರಿ ಯೋಜನೆಯ ವಿಳಂಬಕ್ಕೆ ಸ್ವಂತ ಪಕ್ಷದ ಸರ್ಕಾರವನ್ನೇ ಪ್ರಶ್ನಿಸುತ್ತಿದ್ದವರು ಮೌನವಾಗುತ್ತಾರೆ. ಹಿಂದಿನ ಟೀಕೆಯನ್ನು ನೆನಪಿಸಿದರೆ ಅದು ವೈಯಕ್ತಿಕ ಅಭಿಪ್ರಾಯವಾಗಿತ್ತು, ಇಲ್ಲವೇ ಹೇಳಿಕೆಯನ್ನು ತಿರುಚಲಾಗಿದೆ ಎನ್ನುತ್ತಾರೆ. ಪಟ್ಟಿಯಲ್ಲಿ ಹೆಸರು ಬಾರದಿದ್ದರೆ ಅದೇ ಟೀಕೆ ಮೊದಲಿಗಿಂತ ಕಟುವಾಗಿ ಮರಳಿ ಬರುತ್ತದೆ.

ಕಾನೂನಿನಲ್ಲೂ ಬದಲಾವಣೆ ಬೇಕು. ಸರ್ಕಾರದ ಅಳಿವು ಉಳಿವಿನ ಪ್ರಶ್ನೆಯಾಗಿರುವ ವಿಶ್ವಾಸ ಮತ್ತು ಅವಿಶ್ವಾಸ ನಿರ್ಣಯಗಳಂತಹ ಮತದಾನಗಳಿಗಷ್ಟೇ ವಿಪ್ ಉಲ್ಲಂಘನೆಯ ಅನರ್ಹತೆಯನ್ನು ಸೀಮಿತಗೊಳಿಸಬೇಕೆಂದು 1990ರಲ್ಲಿಯೇ ಚುನಾವಣಾ ಸುಧಾರಣೆ ಕುರಿತ ದಿನೇಶ್ ಗೋಸ್ವಾಮಿ ಸಮಿತಿ ಸಲಹೆ ನೀಡಿತ್ತು. ಅಷ್ಟು ಸ್ವಾತಂತ್ರ್ಯ ಕೊಟ್ಟರೆ ಸರ್ಕಾರಗಳೇ ಉರುಳುತ್ತವೆ ಎಂಬ ಭಯಕ್ಕೆ ಆಧಾರ ಕಡಿಮೆ. 2003ರ ಮಾರ್ಚ್ 18ರಂದು ಬ್ರಿಟನ್ನಿನ ಸಂಸತ್ತಿನಲ್ಲಿ ಇರಾಕ್ ಯುದ್ಧದ ಪ್ರಶ್ನೆ ಬಂದಾಗ ಆಳುವ ಲೇಬರ್ ಪಕ್ಷದ 139 ಸದಸ್ಯರು ಯುದ್ಧವನ್ನು ಒಪ್ಪದ ತಿದ್ದುಪಡಿಯ ಪರ ಮತ ಹಾಕಿದರು. ಆ ಮತದ ಕಾರಣಕ್ಕೆ ಅವರು ಸದಸ್ಯತ್ವ ಕಳೆದುಕೊಳ್ಳಲಿಲ್ಲ, ಸರ್ಕಾರವೂ ಬೀಳಲಿಲ್ಲ.

ಮನಸ್ಸು ಬದಲಾಗುವುದು ಅಪರಾಧವಲ್ಲ. ಹೊಸ ಮಾಹಿತಿ ಸಿಕ್ಕಾಗ, ಜನರ ಕಷ್ಟ ಕಣ್ಣಾರೆ ಕಂಡಾಗ ಹಳೆಯ ಅಭಿಪ್ರಾಯವನ್ನು ಬಿಟ್ಟುಕೊಡುವ ರಾಜಕಾರಣಿಯನ್ನು ನಾನು ಗೌರವಿಸುತ್ತೇನೆ. ಹಾಗೆ ಬದಲಾದವರು ಕಾರಣವನ್ನು ತಾವಾಗಿಯೇ ಹೇಳುತ್ತಾರೆ, ಹಿಂದೆ ಏನು ಹೇಳಿದ್ದೆವು ಎಂಬುದನ್ನು ಮರೆಮಾಚುವುದಿಲ್ಲ, ಮತ ಎಣಿಕೆ ಮುಗಿದ ಮೇಲೂ ಅದೇ ಮಾತಿನಲ್ಲಿ ನಿಲ್ಲುತ್ತಾರೆ.

ಈ ವ್ಯತ್ಯಾಸವನ್ನು ಮತದಾರರು ಗುರುತಿಸಲು ಪತ್ರಿಕೆಗಳ ನೆರವು ಅಗತ್ಯ. ಸುಪ್ರೀಂ ಕೋರ್ಟಿನ ತೀರ್ಪುಗಳ ಫಲವಾಗಿ ಅಭ್ಯರ್ಥಿಯ ಆಸ್ತಿ, ವಿದ್ಯಾರ್ಹತೆ, ಕ್ರಿಮಿನಲ್ ಪ್ರಕರಣಗಳ ವಿವರ ಪ್ರಮಾಣಪತ್ರದಲ್ಲಿ ಸಿಗುತ್ತಿದೆ, ನೀವು ಅದನ್ನು ಶ್ರದ್ಧೆಯಿಂದ ಪ್ರಕಟಿಸುತ್ತಿದ್ದೀರಿ. ಅದರ ಜೊತೆಗೆ ಕ್ಷೇತ್ರಕ್ಕೆ ಮುಖ್ಯವಾದ ಎರಡು ಮೂರು ವಿಷಯಗಳಲ್ಲಿ ಆ ಅಭ್ಯರ್ಥಿ ಕಳೆದ ಐದು ವರ್ಷಗಳಲ್ಲಿ ಏನು ಹೇಳಿದ್ದರು, ಸದನದಲ್ಲಿ ಏನು ಕೇಳಿದ್ದರು, ಈಗ ಏನು ಹೇಳುತ್ತಿದ್ದಾರೆ ಎಂಬುದನ್ನು ದಿನಾಂಕದ ಸಮೇತ ಅಕ್ಕಪಕ್ಕದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ. ನಿಮ್ಮ ಜಿಲ್ಲಾ ವರದಿಗಾರರ ಹಳೆಯ ವರದಿಗಳಲ್ಲಿಯೇ ಇದರ ಬಹುಪಾಲು ಸಿಗುತ್ತದೆ. ನಿಲುವು ಬದಲಾಗಿದ್ದರೆ ಕಾರಣವೇನೆಂದು ಅಭ್ಯರ್ಥಿಯನ್ನೇ ಕೇಳಿ, ಅವರ ಉತ್ತರವನ್ನೂ ಅದರ ಕೆಳಗೇ ಮುದ್ರಿಸಿ. ಅವರು ಉತ್ತರಿಸದಿದ್ದರೆ ಅದನ್ನೂ ಮುದ್ರಿಸಿ.

ಇಂತಿ ತಮ್ಮ ವಿಶ್ವಾಸಿ,
ನಿಮ್ಮ ಪತ್ರಿಕೆಯ ಓದುಗ