ಕಾರ್ಸಿಕಾ ಚಾರಣ: ಎತ್ತರಕ್ಕಿಂತ ಗಾಳಿಯ ಲೆಕ್ಕ ಮುಖ್ಯ

ಸಂಪಾದಕರಿಗೆ,

ಮಾನ್ಯರೇ,

ಫ್ರಾನ್ಸಿನ ಕಾರ್ಸಿಕಾ ದ್ವೀಪದ ಬೆಟ್ಟಗಳಲ್ಲಿ ಹಾಯುವ ದೀರ್ಘ ಕಾಲುದಾರಿಯಾದ ಜಿಆರ್‌-20 ಚಾರಣದ ಬಗ್ಗೆ ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಸೊಗಸಾಗಿತ್ತು. ಆದರೆ ಹಿಮಾಲಯದಲ್ಲಿ ನಾಲ್ಕು ಸಾವಿರ ಮೀಟರ್ ಏರಿ ಬಂದವರಿಗೆ ಈ ದಾರಿ ಸಲೀಸು ಎಂಬರ್ಥದ ಮಾತೊಂದು ಅದರಲ್ಲಿದ್ದು, ಆ ದಾರಿಯಲ್ಲಿ ನಡೆದವನಾಗಿ ಅದನ್ನು ಒಪ್ಪಲು ನನಗೆ ಸಾಧ್ಯವಾಗುತ್ತಿಲ್ಲ.

ದ್ವೀಪದ ಅತಿ ಎತ್ತರದ ಶಿಖರವಾದ ಮೊಂಟೆ ಚಿಂಟೋ ಕೇವಲ 2,706 ಮೀಟರ್ ಇದೆ ಎಂಬುದು ನಿಜ. ಆದರೆ ಕಲೆಂಜಾನಾದಿಂದ ಕೊಂಕಾವರೆಗಿನ ಸುಮಾರು 180 ಕಿ.ಮೀ. ದಾರಿಯಲ್ಲಿ ಏರಿ ಇಳಿದು ಮತ್ತೆ ಏರುವ ಎತ್ತರವನ್ನೆಲ್ಲ ಕೂಡಿದರೆ 12,000 ಮೀಟರ್ ಆಸುಪಾಸು ಆಗುತ್ತದೆ. ಮೊದಲ ದಿನವೇ 1,300 ಮೀಟರ್‌ಗೂ ಹೆಚ್ಚು ಹತ್ತಬೇಕು. ಕುಕ್ಕೆಯಿಂದ ಕುಮಾರಪರ್ವತ ಹತ್ತಿದವರಿಗೆ ಅಂಥ ದಿನ ಹೊಸದೇನಲ್ಲ. ಆದರೆ ಕುಮಾರಪರ್ವತದಿಂದ ಇಳಿದವರು ಬಸ್ ಹಿಡಿದು ಊರಿಗೆ ಹೋಗುತ್ತಾರೆ, ಇಲ್ಲಿ ಮರುದಿನ ಬೆಳಿಗ್ಗೆ ಮತ್ತೊಂದು ಏರು ಕಾದಿರುತ್ತದೆ. ಹಿಮಾಲಯದ ಚಾರಣಗಳಲ್ಲಿ ನಮ್ಮ ಹೊರೆಯನ್ನು ಹೇಸರಗತ್ತೆ ಹೊತ್ತು, ಅಡುಗೆಯವರು ಬಿಸಿ ಬಿಸಿ ಊಟ ಬಡಿಸುವ ವ್ಯವಸ್ಥೆಗೆ ಒಗ್ಗಿಕೊಂಡವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಲೇಖನದಲ್ಲಿ ಪ್ರಸ್ತಾಪವೇ ಆಗದ ವಿಷಯವೆಂದರೆ ಗಾಳಿ. ಕಾರ್ಸಿಕಾದ ಬೆಟ್ಟಸಾಲು ಮೆಡಿಟರೇನಿಯನ್ ಸಮುದ್ರದ ನಡುವಿನಿಂದ ನೇರವಾಗಿ ಎದ್ದು ನಿಂತಿರುವುದರಿಂದ, ನೈಋತ್ಯದಿಂದ ಬೀಸುವ ‘ಲಿಬೆಚ್ಚೋ’ ಗಾಳಿಯನ್ನು ತಡೆಯಲು ಸಮುದ್ರದ ಕಡೆಯಲ್ಲಿ ಬೇರೆ ಯಾವ ಅಡ್ಡಿಯೂ ಇಲ್ಲ. ಬೇಸಿಗೆಯಲ್ಲಿ ಸಮುದ್ರದ ತೇವಭರಿತ ಗಾಳಿ ಬಿಸಿಯಾಗಿ ಮೇಲೇರಿ ಮಧ್ಯಾಹ್ನದ ಹೊತ್ತಿಗೆ ಗುಡುಗು ಸಿಡಿಲಾಗಿ ಇಳಿಯುತ್ತದೆ. ಅಲ್ಲಿಯವರು ನಸುಕಿನಲ್ಲೇ ಹೊರಟು ಮಧ್ಯಾಹ್ನಕ್ಕೆ ಮುಂಚೆ ಏಣಿನಿಂದ, ಅಂದರೆ ಬೆಟ್ಟದ ನೆತ್ತಿಯ ಸಾಲಿನಿಂದ, ಕೆಳಗಿಳಿಯಲು ನೋಡುವುದು ಇದೇ ಕಾರಣಕ್ಕೆ. 2022ರ ಆಗಸ್ಟ್ 18ರ ಬೆಳಿಗ್ಗೆ ಎರಗಿದ ಬಿರುಗಾಳಿಯ ವೇಗ ದ್ವೀಪದ ಮರಿನ್ಯಾನಾ ಎಂಬಲ್ಲಿ ಗಂಟೆಗೆ 225 ಕಿ.ಮೀ. ದಾಖಲಾಯಿತು. ಅಂದು ದ್ವೀಪದಲ್ಲಿ ಜೀವ ಕಳೆದುಕೊಂಡವರಲ್ಲಿ ಶಿಬಿರತಾಣಗಳಲ್ಲಿ ತಂಗಿದ್ದವರೂ ಇದ್ದರು.

ಅಷ್ಟು ದೊಡ್ಡ ಬಿರುಗಾಳಿ ದಿನನಿತ್ಯದ್ದಲ್ಲ. ಆದರೆ ಸಾಧಾರಣ ಜೋರು ಗಾಳಿಯೂ ಏಣಿನ ಮೇಲೆ ಸಾಕಷ್ಟು ಕಾಟ ಕೊಡುತ್ತದೆ. ಬ್ಯಾಗಿನ ಮೇಲೆ ಹೊದಿಸಿದ ಮಳೆಗವಸು ಗಾಳಿ ತುಂಬಿಕೊಂಡು ಹಾಯಿಯಂತೆ ಉಬ್ಬಿ, ಕಾಲೂರಬೇಕೆಂದ ಕಲ್ಲಿನಿಂದ ಒಂದಡಿ ಆಚೆಗೆ ಮೈಯನ್ನು ತಳ್ಳುತ್ತದೆ. ಸಾಮಾನನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬ್ಯಾಗಿನೊಳಗೇ ಇಟ್ಟು, ಆ ಕವಸನ್ನು ಮಡಚಿಡುವುದೇ ಮೇಲು. ಗಟ್ಟಿ ನೆಲದಲ್ಲಿ ಟೆಂಟಿನ ಗೂಟ ಎರಡು ಬೆರಳಿಗಿಂತ ಆಳಕ್ಕೆ ಇಳಿಯದಿದ್ದರೆ ಹಗ್ಗವನ್ನು ದಪ್ಪ ಕಲ್ಲಿಗೆ ಸುತ್ತಿ, ಅದರ ಮೇಲೆ ಇನ್ನೊಂದನ್ನು ಹೇರಬೇಕಾಗುತ್ತದೆ. ಗಾಳಿ ಮರೆಯಾದ ಜಾಗ ಕಂಡಲ್ಲೆಲ್ಲ ಟೆಂಟ್ ಹಾಕೋಣವೆಂದರೆ ಈ ದಾರಿ ಹಾಯುವ ಪ್ರಾದೇಶಿಕ ಉದ್ಯಾನದ ನಿಯಮ ಅದಕ್ಕೆ ಅವಕಾಶ ಕೊಡುವುದಿಲ್ಲ. ತಂಗುಮನೆಗಳ ಪಕ್ಕದಲ್ಲಿ, ಮುಂಗಡ ಕಾಯ್ದಿರಿಸಿದ ಜಾಗದಲ್ಲಷ್ಟೇ ತಂಗಬೇಕು, ಬೆಂಕಿ ಹಾಕುವಂತಿಲ್ಲ. ಕಾಡ್ಗಿಚ್ಚು ಹೊತ್ತಿದರೆ ಅದೇ ಗಾಳಿ ಅದನ್ನು ಹಬ್ಬಿಸುವುದರಿಂದ ಈ ಕಟ್ಟುನಿಟ್ಟು ನ್ಯಾಯವೇ ಆಗಿದೆ.

ಇನ್ನೊಂದು ತಿದ್ದುಪಡಿಯೂ ಅಗತ್ಯ. ಲೇಖನದಲ್ಲಿ ಈ ದಾರಿಯ ಕಿರೀಟವೆಂಬಂತೆ ವರ್ಣಿತವಾಗಿರುವ ‘ಸಿರ್ಕ್ ದ ಲಾ ಸೊಲಿಟ್ಯೂಡ್’ ಕಮರಿಯಲ್ಲಿ 2015ರ ಜೂನ್‌ನಲ್ಲಿ ಭೂಕುಸಿತವಾಗಿ ಏಳು ಮಂದಿ ಸತ್ತ ನಂತರ, ದಾರಿಯನ್ನು ಅಲ್ಲಿಂದ ತಪ್ಪಿಸಿ ಚಿಂಟೋ ಶಿಖರದ ಪಕ್ಕದ ಎತ್ತರದ ಏಣಿನ ಮೇಲೆ ಹಾಯಿಸಲಾಗಿದೆ. ಹಳೆಯ ವರ್ಣನೆ ನಂಬಿ ಯಾರೂ ಅತ್ತ ಹೊರಡಬಾರದು.

ಚಾರಣದ ಲೇಖನಗಳ ಜೊತೆಗೆ, ದಾರಿಯನ್ನು ಎಲ್ಲೆಲ್ಲಿ ಬಿಟ್ಟು ಇಳಿಯಬಹುದು ಎಂಬ ವಿವರವನ್ನೂ ತಾವು ಪ್ರಕಟಿಸಬೇಕೆಂದು ಕೋರುತ್ತೇನೆ. ಜಿಆರ್‌-20ರ ಮಟ್ಟಿಗೆ ಉತ್ತರದ ಆಸ್ಕೋ ಮತ್ತು ವೆರ್ಜಿಯೋಗಳಲ್ಲಿ, ದಕ್ಷಿಣದ ಬವೆಲ್ಲಾದಲ್ಲಿ ಡಾಂಬರು ರಸ್ತೆ ಸಿಗುತ್ತದೆ. ನಡುವಿನ ವಿಜ್ಜಾವೊನಾದಲ್ಲಿ ಆಜಾಕ್ಸಿಯೊ–ಬಾಸ್ತಿಯಾ ನಡುವಿನ ರೈಲೇ ನಿಲ್ಲುತ್ತದೆ. ವೀಸಾಕ್ಕೂ ವಿಮಾನಕ್ಕೂ ಅಷ್ಟೊಂದು ಹಣ ಸುರಿದು ಹೋದವರಿಗೆ ಅರ್ಧಕ್ಕೆ ಇಳಿಯಲು ಮನಸ್ಸಾಗುವುದಿಲ್ಲವೆಂಬುದು ಗೊತ್ತಿದ್ದದ್ದೇ. ಅಂಥವರು ಹವಾಮಾನ ಕೆಟ್ಟಾಗ ‘ಮಾರೆ ಎ ಮೊಂಟಿ’ಯಂಥ ಕೆಳಮಟ್ಟದ ದಾರಿಗಳಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದು ಉಳಿದ ದಿನಗಳನ್ನು ಕಳೆಯಬಹುದು.

— ಒಬ್ಬ ಚಾರಣಿಗ, ಶಿವಮೊಗ್ಗ