ಪೇಪರಿನ ಮೂರು ಸಾಲಿನಲ್ಲಿ ಹಿಡಿಯದವರಿಗೆ

ನಮ್ಮ ರಿಸರ್ಚ್ ಪೇಪರ್ ಜರ್ನಲ್ಲಿಗೆ ಅಕ್ಸೆಪ್ಟ್ ಆಯಿತು. ಮೊನ್ನೆ ಗುರುವಾರ ಸಂಜೆ ಡೊಂಬಿವಲಿಗೆ ವಾಪಸಾಗುವಾಗ, ಮುಂಬೈ ಲೋಕಲ್ ರೈಲು ಥಾಣೆ ದಾಟಿದ ಮೇಲೆ ಇಮೇಲ್ ನೋಡಿದೆ. ಲೇಡೀಸ್ ಡಬ್ಬಿಯಲ್ಲಿ ಕಾಲೂರಲು ಜಾಗವಿಲ್ಲ, ಕುಣಿಯುವುದೆಲ್ಲಿ ಬಂತು? ನನ್ನ ಮುಖ ನೋಡಿ, ಎದುರು ಸೀಟಿನಲ್ಲಿ ಬಟಾಣಿ ಸುಲಿಯುತ್ತಿದ್ದ ಹೆಂಗಸು "ಕಾಯ್ ಝಾಲಂ?" ಅಂದರು. ಏನಂತ ಹೇಳಲಿ? "ಪಾಸ್ ಝಾಲೆ" ಅಂದೆ. ನಾಲ್ಕು ಕಾಳು ತೆಗೆದು ಕೈಗಿಟ್ಟರು. ಅದೇ ನನ್ನ ಪಾರ್ಟಿ.

ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನೆ) ಅಂತ ಮುಂಬೈಗೆ ಬಂದು ಐದು ವರ್ಷವಾಯಿತು. ಪೇಪರಿನ ಕೊನೆಗೆ ಕೃತಜ್ಞತೆಗೆ ಸಿಗುವುದು ಮೂರು ಸಾಲು. ಹಣ ಕೊಟ್ಟವರು, ಗ್ರ್ಯಾಂಟ್ ನಂಬರು, ಮೈಕ್ರೋಸ್ಕೋಪ್ ಫೆಸಿಲಿಟಿ, ಅಲ್ಲಿಗೆ ಮುಗಿಯಿತು. ಉಳಿದವರಿಗೆ ಇಲ್ಲಿ ಹೇಳುತ್ತೇನೆ. ಅವರಲ್ಲಿ ಹೆಚ್ಚಿನವರು ಹೇಗೂ ಆ ಪೇಪರ್ ಓದುವವರಲ್ಲ.

ನಮ್ಮ ಕೆಲಸ ಇಷ್ಟು: ಹುಟ್ಟಿದ ಎರಡನೇ ದಿನದಿಂದ ಹದಿನಾಲ್ಕನೇ ದಿನದವರೆಗೆ ಇಲಿಮರಿಗಳನ್ನು ದಿನಕ್ಕೆ ಮೂರು ಗಂಟೆ ತಾಯಿಯಿಂದ ಬೇರೆ ಇಡುವುದು. ಅವು ದೊಡ್ಡವಾದ ಮೇಲೆ ಮಿದುಳಿನ ಮುಂಭಾಗದ ಪ್ರಿಫ್ರಂಟಲ್ ಕಾರ್ಟೆಕ್ಸ್‌ನಲ್ಲಿ, ಸಿರೊಟೋನಿನ್ ಅನ್ನುವ ಮಿದುಳಿನ ರಾಸಾಯನಿಕವನ್ನು ಹಿಡಿಯುವ 2ಎ ಅನ್ನುವ ರಿಸೆಪ್ಟರು (ಒಂದು ಪ್ರೋಟೀನು) ಎಷ್ಟಿದೆ ಅಂತ ನೋಡುವುದು. ಅದಕ್ಕೆ ಆ್ಯಂಟಿಬಾಡಿ ಬೇಕು. ಅದು ಹೋಗಿ ರಿಸೆಪ್ಟರಿಗೆ ಅಂಟಿಕೊಳ್ಳಬೇಕು, ಅಂಟಿದ ಕಡೆ ಹಸಿರು ಹೊಳೆಯಬೇಕು. ನನ್ನದು ಹೊಳೆಯಿತು. ಎರಡು ವರ್ಷ ಚೆನ್ನಾಗಿಯೇ ಹೊಳೆಯಿತು, ತಾಯಿಯಿಂದ ಬೇರೆಯಿದ್ದ ಇಲಿಗಳಲ್ಲಿ ಇನ್ನೂ ಜಾಸ್ತಿ. ಕಾನ್ಫರೆನ್ಸುಗಳಲ್ಲಿ ಪೋಸ್ಟರ್ ಹಾಕಿದೆ, ಟಾಕ್ ಕೊಟ್ಟೆ, ಚಪ್ಪಾಳೆ ಇಸಕೊಂಡೆ.

ಮೊದಲ ಧನ್ಯವಾದ ಅದನ್ನೆಲ್ಲ ಕೆಡವಿದವಳಿಗೆ.

ಬಾಗಲಕೋಟೆ ಕಡೆಯ ಹುಡುಗಿ, ಆಗಷ್ಟೇ ಪಿಎಚ್‌ಡಿಗೆ ಸೇರಿದ್ದಳು. ಸ್ಟೇನಿಂಗ್ (ಬಣ್ಣ ಹಾಕುವುದು) ಕಲಿಯಲಿ ಅಂತ ನನ್ನ ಆ್ಯಂಟಿಬಾಡಿ ಕೊಟ್ಟಿದ್ದೆ. ಅವಳು ಇನ್ನೊಂದು ಲ್ಯಾಬಿನಿಂದ ನಾಕ್‌ಔಟ್ ಇಲಿಯ ಮಿದುಳಿನ ಸೆಕ್ಷನ್ (ತೆಳು ಹೋಳು) ಕೇಳಿ ತಂದು ಅದರ ಮೇಲೂ ಹಾಕಿದಳು. ನಾಕ್‌ಔಟ್ ಅಂದರೆ ಆ ರಿಸೆಪ್ಟರಿನ ಜೀನನ್ನೇ ಕೆಡಿಸಿದ ಇಲಿ. ರಿಸೆಪ್ಟರೇ ಇಲ್ಲದ ಮೇಲೆ ಸೆಕ್ಷನ್ ಕಪ್ಪಗಿರಬೇಕು. ಕಾನ್‌ಫೋಕಲ್ ಮೈಕ್ರೋಸ್ಕೋಪಿನ ರೂಮಿನ ಕತ್ತಲಲ್ಲಿ, ಏಸಿ ಚಳಿಗೆ ಶಾಲು ಹೊದ್ದು ಕೂತವಳು ನನ್ನನ್ನು ಕರೆದು ಸ್ಕ್ರೀನ್ ತೋರಿಸಿದಳು. ಹಸಿರು, ನನ್ನ ಪೋಸ್ಟರಿನಲ್ಲಿದ್ದಷ್ಟೇ ಹಸಿರು.

"ಅಕ್ಕಾ, ಸಿಟ್ಟಾಗಬ್ಯಾಡ್ರಿ. ಸ್ಲೈಡ್ ಅದಲಬದಲ ಆಗೇತೇನೋ ಅಂತ ಮೂರ ಸಲ ಮಾಡಿ ನೋಡೀನ್ರಿ."

ಹತ್ತು ದಿನ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಜೊತೆ ಕ್ಯಾಂಟೀನಿನಲ್ಲಿ ಊಟ ಮಾಡಿದ್ದಳು, ಪಾಪ.

ನಾನೇಕೆ ಮೊದಲೇ ನೋಡಲಿಲ್ಲ? ಕಂಟ್ರೋಲ್ ಅನ್ನುವ ತಾಳೆ ಪರೀಕ್ಷೆ ಮಾಡಿದ್ದೆ, ತಪ್ಪು ಕಂಟ್ರೋಲ್. ಆ್ಯಂಟಿಬಾಡಿಗೆ ಅದು ಹಿಡಿಯಬೇಕಾದ ಪ್ರೋಟೀನಿನ ಚೂರನ್ನೇ (ಪೆಪ್ಟೈಡ್) ಬೆರೆಸಿ ಹಾಕಿದಾಗ ಹೊಳಪು ಆರಿತ್ತು. ಅದನ್ನೇ ಪುರಾವೆ ಅಂದುಕೊಂಡೆ. ಆದರೆ ಪೆಪ್ಟೈಡ್ ಮಾಡುವುದು ಆ್ಯಂಟಿಬಾಡಿಯ ಕೈ ಕಟ್ಟುವ ಕೆಲಸ. ಆ ಕೈ ಸರಿಯಾದ್ದನ್ನು ಹಿಡಿದಿರಲಿ, ಸಿಕ್ಕಸಿಕ್ಕದ್ದನ್ನು ಹಿಡಿದಿರಲಿ, ಕಟ್ಟಿದ ಮೇಲೆ ಎರಡೂ ನಿಲ್ಲುತ್ತದೆ. ಈ ಜಾತಿಯ ರಿಸೆಪ್ಟರುಗಳಿಗೆ ಮಾರಾಟಕ್ಕೆ ಸಿಗುವ ಆ್ಯಂಟಿಬಾಡಿಗಳಲ್ಲಿ ಹಲವು ನಾಕ್‌ಔಟ್‌ನಲ್ಲೂ ಹೊಳೆಯುತ್ತವೆ ಎಂದು 2009ರಲ್ಲೇ ಬರೆದಿದ್ದರು. ನಾನು ಓದಿಯೂ ಇದ್ದೆ. ಬೇರೆಯವರ ಆ್ಯಂಟಿಬಾಡಿಯ ಮಾತು ಅಂದುಕೊಂಡಿದ್ದೆ.

ನಮ್ಮ ಗೈಡ್ ಮೇಡಂ ಬಯ್ಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಪೋಸ್ಟರು ಎಲ್ಲೆಲ್ಲಿ ಹಾಕಿದ್ದೆವು ಅಂತ ಪಟ್ಟಿ ಮಾಡು ಅಂದರು. ಆ ಡೇಟಾ ಕೇಳಿದ್ದ ಒಬ್ಬೊಬ್ಬರಿಗೂ "ಅದು ತಪ್ಪು" ಎಂದು ಇಬ್ಬರೂ ಕೂತು ಇಮೇಲ್ ಬರೆದೆವು. ತಮ್ಮ ಹೆಸರನ್ನು ನನ್ನ ಹೆಸರಿಗಿಂತ ಮೇಲೆ ಹಾಕಿದರು. ಪೇಪರಿನಲ್ಲಿ ಗೈಡ್ ಹೆಸರು ಕೊನೆಗೆ ಬರುತ್ತದೆ ಅಂತ ಗೊತ್ತಿದ್ದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಮನೆಯಲ್ಲಿ ದೊಡ್ಡಪ್ಪನಿಗೆ ಹೇಳಿದೆ. ಹಗಲು ಉಡುಪಿ ಹೋಟೆಲಿನಲ್ಲಿ ದುಡಿದು, ರಾತ್ರಿ ಫೋರ್ಟಿನ ಕನ್ನಡ ಶಾಲೆಯಲ್ಲಿ ಮೆಟ್ರಿಕ್ ಮಾಡಿದವರು. ಎಲ್ಲ ಕೇಳಿ, ಹಳೆಯದರಲ್ಲಿ ಸ್ವಲ್ಪವಾದರೂ ಉಳಿಸಿಕೊಳ್ಳಬಹುದಾ ನೋಡ್ತೇನೆ ಅಂತ ನಾನಂದಾಗ, "ಹಳ್ಸಿದ್ ಸಾಂಬಾರಿಗೆ ಹೊಸ್ತ್ ಬೆರ್ಸುಕಾಗ ಮಗಾ, ಎರಡೂ ಹಾಳಾತ್ತ್" ಅಂದು ಟೀವಿ ಕಡೆ ತಿರುಗಿದರು. ಆಗ ಮೈಯೆಲ್ಲ ಉರಿಯಿತು. ಮರುದಿನ ಎರಡು ವರ್ಷದ ಫೋಲ್ಡರಿಗೆ 'ಹಳಸಿದ್ದು' ಅಂತ ಹೆಸರಿಟ್ಟೆ. ಈಗಲೂ ಕಂಪ್ಯೂಟರಿನಲ್ಲಿ ಹಾಗೇ ಇದೆ.

ದೊಡ್ಡಮ್ಮನ ಬಾಕಿ ದೊಡ್ಡದು. ನನ್ನ ಗಂಡ ಪುಣೆಯಲ್ಲಿ, ವಾರಕ್ಕೊಮ್ಮೆ ಬರುವವರು. ಮಗಳು ಏಳು ತಿಂಗಳಾದಾಗಿನಿಂದ ದೊಡ್ಡಮ್ಮನ ಸೊಂಟದ ಮೇಲೆ. "ಅಬ್ಬಿ ಹತ್ರ ಮರಿ ಬಿಡ್ಸಿ ಎಂತ ಕಾಂಬ್ದ್ ನೀವ್?" (ಅಬ್ಬಿ ಅಂದರೆ ತಾಯಿ) ಎಂದು ಒಂದು ದಿನ ಕೇಳಿದರು. ಹೇಳಿದೆ. ಮಗುವನ್ನು ನೋಡಿ, "ಹಾಂಗಾರ್ ಇದ್ರ್ ತಲಿ ಎಂತ ಆತ್ತ್?" ಅಂದರು. ಇಲಿಮರಿಗೆ ಮೂರು ಗಂಟೆ, ನನ್ನ ಮಗಳಿಗೆ ಹನ್ನೊಂದು ಗಂಟೆ. ಆ ಲೆಕ್ಕ ನಾನು ಮಾಡಿರಲಿಲ್ಲ ಅಂತಲ್ಲ.

ಆಗ ಅವರಿಗೆ ಮಾಂಟ್ರಿಯಲ್‌ನ ವಿಜ್ಞಾನಿ ಮೈಕಲ್ ಮೀನಿಯವರ ಇಲಿಗಳ ಕಥೆ ಹೇಳಿದೆ. ತಾಯಿ ಹೆಚ್ಚು ನೆಕ್ಕಿ ಸಾಕಿದ ಮರಿಗಳು ದೊಡ್ಡವಾದ ಮೇಲೆ ಒತ್ತಡಕ್ಕೆ ಅಷ್ಟಾಗಿ ಬೆದರುವುದಿಲ್ಲ ಎಂದು ಅವರ ಗುಂಪು 1997ರಲ್ಲಿ ತೋರಿಸಿತು. 1999ರಲ್ಲಿ ಮರಿಗಳನ್ನು ಅದಲುಬದಲು ಗೂಡಿಗೆ ಹಾಕಿ ನೋಡಿದರು. ಮರಿ ಹೋಲಿದ್ದು ಹೆತ್ತವಳನ್ನಲ್ಲ, ನೆಕ್ಕಿ ಬೆಳೆಸಿದವಳನ್ನು. ದೊಡ್ಡಮ್ಮ ಏನೂ ಹೇಳದೆ ಮಗುವಿನ ಮೂಗು ಒರೆಸಿದರು. ಮಗಳಿಗೆ ಈಗ ನಾಲ್ಕೂವರೆ. ನನ್ನನ್ನು ಬಯ್ಯುವಾಗ ಥೇಟ್ ದೊಡ್ಡಮ್ಮನ ದನಿ.

ಅನಿಮಲ್ ಹೌಸಿನ ಕಾಕಾ. ಮರಿಗಳನ್ನು ಬೇರೆ ಇಡುವ ಹದಿಮೂರು ದಿನದಲ್ಲಿ ಒಂದು ದಿನ ತಪ್ಪಿದರೂ ಇಡೀ ಬ್ಯಾಚು ದಂಡ. ಮಳೆಗಾಲದಲ್ಲಿ ಕುರ್ಲಾ-ಸಯಾನ್ ನಡುವೆ ಹಳಿ ಮೇಲೆ ನೀರು ನಿಂತು ನಾನು ಗಾಡಿಯಲ್ಲೇ ಸಿಕ್ಕಿಹಾಕಿಕೊಂಡ ದಿನ ಫೋನ್ ಮಾಡಿದೆ. ನಾನು ಹೇಳುವ ಮೊದಲೇ ಅವರು ಗ್ಲೌಸಿಗೆ ಆ ಗೂಡಿನದೇ ಹೊಟ್ಟು ಉಜ್ಜಿಕೊಂಡು (ಪರಕೀಯ ವಾಸನೆ ಬಂದರೆ ತಾಯಿ ಮರಿಯನ್ನು ದೂರ ಮಾಡಬಹುದು), ಮರಿಗಳನ್ನು ಬಿಸಿ ಪ್ಯಾಡಿನ ಮೇಲೆ ಇಟ್ಟಾಗಿತ್ತು. ಮಧ್ಯಾಹ್ನ ಅವರ ಫೋನು: "ಮ್ಯಾಡಮ್, ಪಿಲ್ಲಂ ಬರೀ ಆಹೇತ್." ಮರಿಗಳು ಚೆನ್ನಾಗಿವೆ. ಮೊನ್ನೆ ಪೇಡೆ ಕೊಟ್ಟೆ. ಅವರಿಗೆ ಶುಗರ್, ಜೇಬಿಗೆ ಹಾಕಿಕೊಂಡರು.

ನಡುವೆ ಫೆಲೋಶಿಪ್ ಮುಗಿದು ಮುಂದಿನದು ಬರುವವರೆಗೆ ಏಳು ತಿಂಗಳು ಸಂಬಳವಿರಲಿಲ್ಲ. ಆಗ ಇಎಂಐ ಕಟ್ಟಿದ ಗಂಡನಿಗೂ, ಕೇಳದೆ ಹಣ ಹಾಕಿದ ತಮ್ಮನಿಗೂ ಥ್ಯಾಂಕ್ಸ್. ಆ ಕಥೆ ಇಲ್ಲಿ ಬೇಡ.

ಎಲ್ಲವನ್ನೂ ಮತ್ತೆ ಮಾಡಿದೆವು, ಈ ಸಲ ಇನ್ ಸಿಟು ಹೈಬ್ರಿಡೈಸೇಶನ್‌ನಲ್ಲಿ. ಇದು ಪ್ರೋಟೀನಿನ ಬದಲು ಅದನ್ನು ತಯಾರಿಸುವ ಸೂಚನೆಯಾದ ಆರ್‌ಎನ್‌ಎಯನ್ನೇ ಹಿಡಿಯುತ್ತದೆ, ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. ಯಾವ ಸ್ಲೈಡು ಯಾವ ಗುಂಪಿನದು ಅಂತ ನನಗೆ ತಿಳಿಯದ ಹಾಗೆ ನಮ್ಮ ಹುಡುಗಿ ಲೇಬಲ್ ಮುಚ್ಚಿ ಊರುಗಳ ಹೆಸರಿಟ್ಟಳು. ಬಾದಾಮಿ, ಇಳಕಲ್ಲು, ಐಹೊಳೆ, ಗುಳೇದಗುಡ್ಡ. ನನಗೆ ಬೇಜಾರಾಗದಿರಲಿ ಅಂತ ಒಂದು ಕುಂದಾಪುರ. ತಿಂಗಳುಗಟ್ಟಲೆ ಕಾರ್ಟೆಕ್ಸ್‌ನ ಐದನೇ ಪದರದಲ್ಲಿ ಚುಕ್ಕಿ ಎಣಿಸಿದೆ. ಕಣ್ಣು ಮುಚ್ಚಿದರೂ ಚುಕ್ಕಿ. ಕೊನೆಗೆ ಹೆಸರು ಬಿಚ್ಚಿದಾಗ ವ್ಯತ್ಯಾಸ ಇತ್ತು, ಆದರೆ ನಾನು ಪೋಸ್ಟರಿನಲ್ಲಿ ಕೂಗಿ ಹೇಳಿದ್ದಷ್ಟು ಇರಲಿಲ್ಲ. ಶೀರ್ಷಿಕೆಯಿಂದ ಮೂರು ಪದ ಕಿತ್ತೆವು. ಪೇಪರಿನಲ್ಲಿ ಎರಡನೇ ಹೆಸರು ಅವಳದು.

ಈಗ ಅವಳದೇ ಪ್ರಾಜೆಕ್ಟು, ಹೊಸ ಆ್ಯಂಟಿಬಾಡಿ. ನಿನ್ನೆ ಸಂಜೆ ಕಾನ್‌ಫೋಕಲ್ ರೂಮಿಗೆ ಕರೆದಳು, ಮೊದಲ ಸ್ಲೈಡು ನೋಡಲು. ನಾಕ್‌ಔಟ್ ಇಟ್ಟಿದ್ದೀಯಾ ಅಂದೆ.

"ಮೊದಲ ಅದನ್ನ ಇಟ್ಟೀನ್ರಿ ಅಕ್ಕಾ" ಅಂದಳು. ಸ್ಕ್ರೀನು ಕಪ್ಪಗಿತ್ತು.